ಆಪಾ ಕುಡಿದ ಮೂಸಂಬಿ ಜ್ಯೂಸು

ಹೋದ ವಾರ ಯಲಹಂಕದಲ್ಲಿ, ಮನೆ ಹತ್ತಿರದ ಲ್ಯಾಬಿನಲ್ಲಿ, ರಕ್ತ ಪರೀಕ್ಷೆಗೆಂದು ತೋಳು ಚಾಚಿ ಕುಳಿತಿದ್ದೆ. ಸ್ಪಿರಿಟ್ ಹತ್ತಿ ಚರ್ಮಕ್ಕೆ ತಾಗುತ್ತಲೇ ಎಂದಿನಂತೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡೆ. ಮುಗಿಯಿತೆಂದ ಮೇಲೆ ಇತ್ತ ನೋಡಿದರೆ, ನೇರಳೆ ಮುಚ್ಚಳದ ಟ್ಯೂಬು ಮೇಜಿನ ಮೇಲೆ ಸುಮ್ಮನೆ ಬಿದ್ದಿತ್ತು. ರಕ್ತ ತೆಗೆದ ಹುಡುಗಿ ಪ್ಲಾಸ್ಟರ್ ಹುಡುಕುತ್ತಿದ್ದಳು. ನನ್ನ ಇನ್ನೊಂದು ಕೈ ತಾನಾಗಿಯೇ ಹೋಗಿ ಆ ಟ್ಯೂಬನ್ನು ಎತ್ತಿಕೊಂಡಿತು. ನಿಧಾನವಾಗಿ ತಲೆಕೆಳಗು, ಮತ್ತೆ ನೆಟ್ಟಗೆ, ಮತ್ತೆ ತಲೆಕೆಳಗು...

"ಬಿಡಿ ಸರ್, ನಾವ್ ಮಾಡ್ಕೋತೀವಿ" ಎಂದಳು ಹುಡುಗಿ.

ಹಾಗೆ ತಿರುಗಿಸುವುದನ್ನು ನನಗೆ ಕಲಿಸಿದವರು ಆಪಾ. ಹೆಸರು ಇತ್ತು, ಬಾಗಿಲ ಮೇಲಿನ ಹಲಗೆಯಲ್ಲಿ ಬರೆದೂ ಇತ್ತು. ಆದರೆ ಯಾರೂ ಆ ಹೆಸರಿನಿಂದ ಕರೆಯುತ್ತಿರಲಿಲ್ಲ; ಎಲ್ಲರಿಗೂ ಅವರು ಆಪಾ, ಅಂದರೆ ಅಕ್ಕ. ಆರ್.ಟಿ. ನಗರದ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ರಕ್ತ ತೆಗೆಯುವುದನ್ನು ಕಲಿಸುವ ತರಗತಿ ಇತ್ತು. ಆಪಾ ಅಲ್ಲಿ ಪಾಠ ಹೇಳುತ್ತಿದ್ದರು. ಬಿಳಿ ಕೋಟಿನ ಮೇಲೆ ದುಪಟ್ಟಾ, ಕೋಟಿನ ಜೇಬಿನಲ್ಲಿ ಸುತ್ತಿಟ್ಟ ರಬ್ಬರ್ ಪಟ್ಟಿ, ಇಡೀ ಮಹಡಿಗೆ ಕೇಳುವ ಗಂಟಲು. ಕೆಳಗಿನಿಂದ ಬನ್ನಿನ ವಾಸನೆ ಬರುತ್ತಿತ್ತು. ಇಂದಿಗೂ ನನಗೆ ಸ್ಪಿರಿಟ್ಟಿನ ವಾಸನೆ ಬಂದರೆ ಅದರ ಹಿಂದೆಯೇ ಬನ್ನಿನದೂ ಬರುತ್ತದೆ. ಹಾಗಂತ ಅನಿಸುತ್ತದೆ, ಅಷ್ಟೆ. ನೆನಪು ಸಾಕ್ಷಿಯಾಗಿ ಎಷ್ಟು ಬಾಳುತ್ತದೆ ಎಂಬ ಅನುಮಾನ ನನಗೆ ಮೊದಲಿನಿಂದಲೂ ಇದೆ.

ನಾನು ಆಗಷ್ಟೇ ಬಯೋಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮುಗಿಸಿದ್ದೆ. ಹೆಬ್ಬಾಳದ ಒಂದು ಲ್ಯಾಬಿನಲ್ಲಿ ಕೆಲಸ ಸಿಗುವುದಿತ್ತು. ರಕ್ತ ತೆಗೆಯಲೂ ಬರಬೇಕು, ಅದರ ಸರ್ಟಿಫಿಕೇಟ್ ತನ್ನಿ ಎಂದಿದ್ದರು. ಹಾಗಾಗಿ ಪಿಯುಸಿ ಮುಗಿಸಿ ಬಂದವರ ನಡುವೆ ಹೋಗಿ ಕುಳಿತೆ. ಅಭ್ಯಾಸಕ್ಕೆಂದು ಇಟ್ಟಿದ್ದ ರಬ್ಬರಿನ ಕೈಯಲ್ಲಿ ಎಲ್ಲರಿಗಿಂತ ಮೊದಲು ನರ ಹಿಡಿದವನು ನಾನೇ. ಜೀವಂತ ಕೈಯ ಸರದಿ ಬಂದಾಗ ಮಾತ್ರ, ಟ್ಯೂಬಿನೊಳಗೆ ಬಿಸಿ ರಕ್ತ ಚಿಮ್ಮಿದ್ದೇ ತಡ, ಕಣ್ಣಿನ ಅಂಚುಗಳು ಕಪ್ಪಾದವು, ಕಿವಿಯಲ್ಲಿ ನೀರು ಸುರಿದ ಸದ್ದು. ಹಾಗೇಕಾಗುತ್ತದೆ ಎಂಬುದರ ಮೇಲೆ ಒಂದು ಗಂಟೆ ಭಾಷಣ ಮಾಡಬಲ್ಲೆ. ತಡೆಯಲು ಆಗುವುದಿಲ್ಲ.

ಬೆಳಿಗ್ಗೆ ತಿಂಡಿ ತಿಂದಿಲ್ಲ ಎಂದು ನೆಪ ಹೇಳಿ ಕುಳಿತೆ. ಎಲ್ಲರೂ ನಂಬಿದರು. ಆಪಾ ಮಾತ್ರ ನನ್ನನ್ನೇ ಒಂದು ಗಳಿಗೆ ನೋಡಿ, "ಎಂಎಸ್ಸಿ ಸಾಹೇಬ್ರೆ, ನಾಳೆಯಿಂದ ಎರಡು ಇಡ್ಲಿ ಜಾಸ್ತಿ ತಿನ್ಕೊಂಡ್ ಬನ್ನಿ" ಎಂದರು. ಅಂದಿನಿಂದ ನಾನು ಸೂಜಿ ಹಿಡಿದಾಗಲೆಲ್ಲ ಪಕ್ಕದಲ್ಲೇ ನಿಂತು ಏನಾದರೊಂದು ತಮಾಷೆ ಮಾಡುತ್ತಿದ್ದರು. ಟ್ಯೂಬು ತುಂಬಿದ ಮೇಲೆ ನನ್ನ ಕೈಯಿಂದ ತೆಗೆದುಕೊಂಡು ತಿರುಗಿಸುತ್ತಿದ್ದರು. ನೇರಳೆ ಟ್ಯೂಬಿನೊಳಗಿನ ಮದ್ದು ರಕ್ತದಲ್ಲಿ ಬೆರೆಯದಿದ್ದರೆ ಅದು ಹೆಪ್ಪುಗಟ್ಟುತ್ತದೆ. ಜೋರಾಗಿ ಕುಲುಕಿದರೆ ರಕ್ತಕಣಗಳು ಒಡೆಯುತ್ತವೆ. "ಕೊಟ್ಟೋರ್ ಕೈಗೆ ಇನ್ನೊಂದ್ ಸಲ ಚುಚ್ಚೋ ಹಾಗೆ ಮಾಡ್ಬೇಡಿ ಬೇಟಾ" ಎಂಬುದು ಅವರ ಪಾಠದ ಪಲ್ಲವಿ.

ರಂಜಾನ್ ಬಂತು. ಆಪಾ ರೋಜಾ ಹಿಡಿದು, ಒಂದು ಗುಟುಕು ನೀರನ್ನೂ ಮುಟ್ಟದ ಉಪವಾಸದಲ್ಲಿ, ದಿನವಿಡೀ ಅದೇ ಗಂಟಲಿನಲ್ಲಿ ಪಾಠ ಮಾಡುತ್ತಿದ್ದರು. ನಾನು ದೇವರನ್ನು ನಂಬುವವನಲ್ಲ. ಆ ವಯಸ್ಸಿನಲ್ಲಿ ಅದನ್ನು ಎಲ್ಲರಿಗೂ ತಿಳಿಸಬೇಕೆಂಬ ಚಪಲ ಬೇರೆ.

"ನೀರಾದ್ರೂ ಕುಡೀಬಹುದಲ್ಲ ಆಪಾ? ದೇವ್ರು ಏನು ನಿಮ್ಮ ಗ್ಲಾಸ್ ನೋಡ್ತಾ ಕೂತಿರ್ತಾನಾ?"

"ಅರೆ, ನೀವು ಲ್ಯಾಬ್‌ನೋರು ಫಾಸ್ಟಿಂಗ್ ಸ್ಯಾಂಪಲ್ ಕೇಳಿದ್ರೆ ಜನ ಬಾಯ್ ಮುಚ್ಕೊಂಡ್ ಬರ್ತಾರೆ. ಅವನು ಕೇಳಿದ್ರೆ ಮಾತ್ರ ತಪ್ಪಾ?"

ತರಗತಿಯೆಲ್ಲ ನಕ್ಕಿತು. ಆಪಾನೂ ನಕ್ಕರು.

ಕೊನೆಯ ಪರೀಕ್ಷೆಯೂ ರಂಜಾನಿನಲ್ಲೇ ಬಂತು. ಹೊರಗಿನಿಂದ ಒಬ್ಬ ವೈದ್ಯರು ಪರೀಕ್ಷಕರಾಗಿ ಬಂದಿದ್ದರು. ನಾವು ಇಬ್ಬಿಬ್ಬರಾಗಿ ಒಬ್ಬರ ಕೈಯಿಂದ ಇನ್ನೊಬ್ಬರು ರಕ್ತ ತೆಗೆಯಬೇಕು. ನನ್ನ ಜೊತೆಗಾರ ಜ್ವರವೆಂದು ಬಂದಿರಲಿಲ್ಲ. ಆಪಾ ಬಂದು ಕುರ್ಚಿಯಲ್ಲಿ ಕುಳಿತು ಕೋಟಿನ ತೋಳು ಮೇಲಕ್ಕೆ ಮಡಚಿದರು. ರೋಜಾ ಇದ್ದೀರಲ್ಲ ಎಂದು ಯಾರೋ ಅಂದರು. ಪರೀಕ್ಷೆಗೆ ಒಂದಿಷ್ಟು ರಕ್ತ ಕೊಟ್ಟರೆ ರೋಜಾ ಮುರಿಯುವುದಿಲ್ಲ ಎಂದು ಆಪಾ ಹೇಳಿದರು.

ಪಟ್ಟಿ ಕಟ್ಟಿದೆ. ನರ ಸಿಕ್ಕಿತು. ರಕ್ತ ಬಂತು. ಟ್ಯೂಬು ತುಂಬುತ್ತಿದ್ದಂತೆ ಅದೇ ಕಪ್ಪು ಅಂಚುಗಳು... ಟ್ಯೂಬನ್ನು ಬಿಡಿಸಿಕೊಂಡೆ. ಮುಂದೆ ಪಟ್ಟಿ ಸಡಿಲಿಸಿ ಸೂಜಿ ತೆಗೆಯಬೇಕು. ಗೊತ್ತು, ಆದರೆ ಕೈ ಏಳುತ್ತಿಲ್ಲ. ಇಲ್ಲಿ ಬಿದ್ದರೆ ಸರ್ಟಿಫಿಕೇಟೂ ಇಲ್ಲ, ಕೆಲಸವೂ ಇಲ್ಲ. ಆಪಾ ನನ್ನ ಮುಖ ನೋಡಿದರು.

"ಅಯ್ಯೋ ಅಲ್ಲಾ, ತಲೆ..." ಎನ್ನುತ್ತಾ ಅವರು ಕುರ್ಚಿಯಲ್ಲೇ ಪಕ್ಕಕ್ಕೆ ವಾಲಿದರು.

ಎಲ್ಲರ ಕಣ್ಣೂ ಅವರ ಮೇಲೆ. ವೈದ್ಯರು ಓಡಿ ಬಂದು ಪಟ್ಟಿ ಬಿಚ್ಚಿ ಸೂಜಿ ತೆಗೆದು ಹತ್ತಿ ಒತ್ತಿದರು. ನನ್ನ ಮೊಣಕಾಲು ಅಷ್ಟರಲ್ಲಿ ಕುಸಿದು, ಬೀಳದಿರಲು ಕೈಗೆ ಸಿಕ್ಕಿದ್ದನ್ನು ತಬ್ಬಿ ಹಿಡಿದಿದ್ದೆ. ಸಿಕ್ಕಿದ್ದು ಆಪಾ ಅವರ ಕಾಲುಗಳು; ಅವು ನೆಲ ಬಿಟ್ಟು ನನ್ನ ಎದೆಯ ಮಟ್ಟಕ್ಕೆ ಎದ್ದಿದ್ದವು.

"ಗುಡ್. ಕಾಲು ಮೇಲೆತ್ತಿ ಹಿಡ್ಕೊಂಡ್ರಲ್ಲ, ಅದೇ ಸರಿ" ಎಂದರು ವೈದ್ಯರು ನನಗೆ.

ಕೆಳಗಿನ ಬೇಕರಿಯಿಂದ ಮೂಸಂಬಿ ಜ್ಯೂಸು ಬಂತು. ಆಪಾ ಬೇಡ ಎಂದು ಕೈ ಅಡ್ಡ ಹಿಡಿದರು, ಸರಿಹೋಯಿತು, ಸಂಜೆಯವರೆಗೆ ಇರಬಲ್ಲೆ ಎಂದರು. ವೈದ್ಯರು ಒಪ್ಪಲಿಲ್ಲ. "ನೋಡಿಯಮ್ಮ, ನೀವು ಕುಡೀದಿದ್ರೆ ನಾನು ಈ ಪರೀಕ್ಷೆ ನಿಲ್ಲಿಸಿ ಹೋಗ್ತೀನಿ. ಬೇರೆ ದಿನ ಎಲ್ಲರದ್ದೂ ಮೊದಲಿಂದ ಮಾಡೋಣ." ಆಪಾ ನನ್ನ ಕಡೆ ಒಮ್ಮೆ ನೋಡಿ ಲೋಟ ತೆಗೆದುಕೊಂಡು ಪೂರ್ತಿ ಕುಡಿದರು.

ನಾನು ಇನ್ನೂ ನೆಲದ ಮೇಲೇ ಇದ್ದೆ. ಕುರ್ಚಿಯಿಂದ ಕೆಳಗೆ ಇಳಿಬಿಟ್ಟಿದ್ದ ಅವರ ಇನ್ನೊಂದು ಕೈ ನನ್ನ ಕಣ್ಣಿನ ಮಟ್ಟಕ್ಕಿತ್ತು. ಅದರಲ್ಲಿ ನೇರಳೆ ಮುಚ್ಚಳದ ಟ್ಯೂಬು. ನನ್ನ ಕೈಯಿಂದ ಯಾವಾಗ ತೆಗೆದುಕೊಂಡರೋ. ಆ ಬೆರಳುಗಳು ಅದನ್ನು ನಿಧಾನವಾಗಿ ತಿರುಗಿಸುತ್ತಿದ್ದವು. ತಲೆಕೆಳಗು, ನೆಟ್ಟಗೆ, ತಲೆಕೆಳಗು...

ನಾನು ಪಾಸಾದೆ.

ಆ ಬೆರಳುಗಳು ಟ್ಯೂಬು ತಿರುಗಿಸಿದ್ದನ್ನು ನಾನು ನಿಜವಾಗಿ ನೋಡಿದೆನೇ? ತಲೆ ತಿರುಗುತ್ತಿದ್ದವನ ಕಣ್ಣು ಅದು. ಆಮೇಲೆ ಕಟ್ಟಿಕೊಂಡ ಚಿತ್ರವೂ ಇರಬಹುದು. ತಲೆ ಸುತ್ತಿದವರ ಬೆರಳೂ ಅಭ್ಯಾಸ ಬಲದಿಂದ ಆಡಬಹುದು ಎಂದು ಬಹಳ ವರ್ಷ ವಾದ ಮಾಡಿಕೊಂಡೆ. ಸರ್ಟಿಫಿಕೇಟ್ ತರಲು ಹೋದ ದಿನ ಒಮ್ಮೆ ಕೇಳಿಯೂ ಬಿಟ್ಟೆ: "ಆಪಾ, ಆವತ್ತು ನಿಜವಾಗ್ಲೂ ತಲೆ ಸುತ್ತಿತ್ತಾ?"

"ಸ್ಯಾಂಪಲ್ ಕೆಟ್ಟಿಲ್ಲ ತಾನೇ? ಹೋಗಿ, ಕೆಲಸಕ್ಕೆ ಸೇರ್ಕೊಳ್ಳಿ."

ಅದು ರಂಜಾನ್ ಕಳೆದ ಮೇಲಿನ ಮಾತು. ಯಾರೋ ಅವರ ಮುಂದೆ ಚಹಾ ತಂದಿಟ್ಟಿದ್ದರು. ಅದನ್ನು ನನ್ನತ್ತ ಸರಿಸಿದರು. ನಾನು ಕುಡಿದೆ. ಆಮೇಲೆ ಆ ಕಡೆ ಹೋದಾಗಲೆಲ್ಲ ಮೆಟ್ಟಿಲು ಹತ್ತಿ ಮಾತಾಡಿಸಿ ಬರುತ್ತಿದ್ದೆ. ಆಗಲೂ ಅವರು ಚಹಾ ಮುಟ್ಟುತ್ತಿರಲಿಲ್ಲ. "ಏನ್ ಆಪಾ, ಶುಗರ್ ಬಂತಾ?" ಎಂದು ರೇಗಿಸಿದ್ದು ನೆನಪಿದೆ. "ಹೂಂ ಬೇಟಾ, ಹಂಗೇ ಅಂದ್ಕೊಳ್ಳಿ" ಎಂದಿದ್ದರು.

ವರ್ಷಗಳ ನಂತರ, ಚಿಕ್ಕಜಾಲದ ಕಡೆಯಿಂದ ನಮ್ಮ ಲ್ಯಾಬಿಗೆ ರಕ್ತದ ಡಬ್ಬಗಳನ್ನು ಐಸಿನಲ್ಲಿಟ್ಟು ತರುವ ವ್ಯಾನಿನಲ್ಲಿ ಒಮ್ಮೆ ಬರುತ್ತಿದ್ದೆ. ರಂಜಾನ್ ತಿಂಗಳು, ಓಡಿಸುತ್ತಿದ್ದವರು ರೋಜಾ ಇದ್ದರು. ಮಾತಿಗೆ ಮಾತು ಬಂದು, ನಡುವೆ ರೋಜಾ ಮುರಿದರೆ ಏನು ಮಾಡುತ್ತೀರಿ ಎಂದು ಕೇಳಿದೆ.

"ಹುಷಾರಿಲ್ದೆ ಮುರಿದ್ರೆ ಆಮೇಲೆ ಒಂದಿನ ಇಟ್ರೆ ಆಯ್ತು ಸರ್. ಚೆನ್ನಾಗಿದ್ದು, ಬೇಕೂಂತ ಕುಡಿದ್ರೆ ಮಾತ್ರ ಕಷ್ಟ. ಎರಡು ತಿಂಗಳು ಒಂದೇ ಸಮ ಇಡಬೇಕು. ಒಂದಿನ ತಪ್ಪಿದ್ರೂ ಮತ್ತೆ ಮೊದಲಿಂದ. ನಮ್ಮಲ್ಲಿ ಹಂಗೆ."

ಗಾಡಿ ಹೆಬ್ಬಾಳದ ಮೇಲ್ಸೇತುವೆ ಹತ್ತುತ್ತಿತ್ತು. ನನ್ನ ಕಿವಿ ಬಿಸಿಯಾಯಿತು.

ಆಪಾ ಚಹಾ ಬಿಟ್ಟದ್ದು ಎರಡು ತಿಂಗಳೋ, ಒಂದೇ ವಾರವೋ, ನಾನು ಎಣಿಸಿರಲಿಲ್ಲ. ನಿಜವಾಗಿಯೇ ಸಕ್ಕರೆ ಕಾಯಿಲೆ ಬಂದಿದ್ದಿರಬಹುದು. ಕೇಳಿಬಿಡೋಣವೆಂದು ಮುಂದಿನ ಭಾನುವಾರ ಆರ್.ಟಿ. ನಗರಕ್ಕೆ ಹೋದೆ. ಮಹಡಿಯ ಮೇಲೆ ಈಗ ಮೊಬೈಲ್ ರಿಪೇರಿಯವರಿದ್ದಾರೆ. "ಆಪಾನಾ? ತೀರ್ಕೊಂಡ್ರಲ್ಲ ಸರ್, ಆಗ್ಲೇ ಎರಡ್ಮೂರು ವರ್ಷ ಆಯ್ತು" ಎಂದರು ಬೇಕರಿಯವರು, ಬನ್ನು ಕಟ್ಟುತ್ತಾ. ಪುರಾವೆ ಬೇಕು ಎನ್ನುವವನಿಗೆ ಕೇಳಲು ಯಾರೂ ಉಳಿದಿರಲಿಲ್ಲ. ಪುರಾವೆ ಬೇಕು ಎನ್ನುವುದೇ ಒಂದು ನೆಪವೇನೋ... ಒಪ್ಪಿಕೊಂಡರೆ ತಲೆ ಎತ್ತಲಾಗದು ಎಂದೇ ಇಷ್ಟು ವರ್ಷ ಅನುಮಾನಪಡುತ್ತಾ ಬಂದೆನೋ ಏನೋ.

"ಸರ್, ಅದನ್ನ ಕೊಡಿ" ಎಂದಳು ಯಲಹಂಕದ ಹುಡುಗಿ, ಪೆನ್ನಿನ ಮುಚ್ಚಳ ತೆಗೆಯುತ್ತಾ. ನಾನಿನ್ನೂ ತಿರುಗಿಸುತ್ತಲೇ ಇದ್ದೆ. ರಕ್ತ ಚೆನ್ನಾಗಿ ಬೆರೆತಿತ್ತು. ಕೊಟ್ಟೆ.

"ಫಾಸ್ಟಿಂಗ್ ತಾನೇ ಸರ್?"

ರಾತ್ರಿಯಿಂದ ಏನೂ ತಿನ್ನಬೇಡಿ, ಕುಡಿಯಬೇಡಿ ಎಂದು ಲ್ಯಾಬಿನವರು ಹಿಂದಿನ ದಿನವೇ ಫೋನಿನಲ್ಲಿ ಹೇಳಿದ್ದರು. ಹೌದು ಎಂದುಬಿಡಬಹುದಿತ್ತು.

"ಇಲ್ಲಮ್ಮ" ಎಂದೆ. "ಬರೋವಾಗ ಕಾಫಿ ಕುಡಿದ್ಬಿಟ್ಟೆ. ತಡೆಯೋಕಾಗ್ಲಿಲ್ಲ."