ಪುದೀನಾ ಎಣ್ಣೆಯ ಅರ್ಧ ಪ್ರದಕ್ಷಿಣೆ

ಕಳೆದ ವಾರ ಸೊಸೆ ನನ್ನ ಮಂಚದ ಪಕ್ಕದ ಸ್ಟೂಲಿನ ಮೇಲೆ ಹೆಬ್ಬೆರಳಿನಷ್ಟು ಎತ್ತರದ ಕಂದು ಶೀಶೆಯೊಂದನ್ನು ಇಟ್ಟು ಹೋದಳು. ಪುದೀನಾ ಎಣ್ಣೆ. ಜೇವರ್ಗಿಯಂಥ ಊರಿನಲ್ಲೂ ಈಗ ಇಂಥವು ಮೊಬೈಲಿನಲ್ಲಿ ಬೆರಳೊತ್ತಿದರೆ ಮನೆಬಾಗಿಲಿಗೆ ಬರುತ್ತವೆ. ಬಹಳ ದಿನಗಳಿಂದ ನನ್ನ ಹೊಟ್ಟೆ ಕಚೇರಿಯ ಫೈಲಿನಂತೆ ಒಂದೇ ಮೇಜಿನ ಮೇಲೆ ಕೂತುಬಿಟ್ಟಿದೆ. ಮನೆಯಲ್ಲಿ ಎಲ್ಲರಿಗೂ ಗೊತ್ತು, ಆದರೆ ಯಾರೂ ಅದರ ಹೆಸರು ಹಿಡಿದು ಮಾತಾಡುವುದಿಲ್ಲ. “ಹೊಟ್ಟಿ ಸುದ್ದಿ” ಎನ್ನುತ್ತಾರೆ, ಅಷ್ಟೆ.

ಮುಚ್ಚಳ ತಿರುವಿದೆ. ವಾಸನೆ ಮೂಗಿಗಿಂತ ಮೊದಲು ಕಣ್ಣಿಗೆ ತಾಗಿ ನೀರು ಬಂತು. ಅದು ಪುದೀನಾದ ನೀರು, ದುಃಖದ್ದಲ್ಲ. ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಆ ವಾಸನೆಯ ಬೆನ್ನಿಗೇ ಅಫಜಲಪುರದ ನಮ್ಮ ಎದುರುಮನೆಯ ಕಾಕಾ ಬಂದು ನಿಂತರು. ಅವರು ಹೋದ ದಿನವೂ ನನಗೆ ಅಳು ಬಂದಿರಲಿಲ್ಲ...

ರಕ್ತಸಂಬಂಧದಲ್ಲಿ ಅವರು ನನಗೆ ಏನೂ ಆಗಬೇಕಿರಲಿಲ್ಲ. ಅವರ ಬಾಗಿಲು ತೆರೆದರೆ ನಮ್ಮ ಬಾಗಿಲು ಕಾಣುತ್ತಿತ್ತು. ಕಾಕಾ ಅನ್ನಲು ಅಷ್ಟು ಸಾಕಾಗಿತ್ತು. ಹವಳಗಾದ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ತೂಗುವ ಕಾಟಾದ ಮೇಲೆ ಕೆಲಸ ಮಾಡಿ ನಿವೃತ್ತರಾದವರು. ಗಾಡಿ ಕಾಟಾ ಏರಿ ನಿಂತರೆ, ಮುಳ್ಳಿನ ಅಲುಗಾಟ ನಿಲ್ಲುವತನಕ ಕಾಕಾ ಉಸಿರನ್ನೂ ಬಿಡುತ್ತಿರಲಿಲ್ಲವಂತೆ. ನಿಂತ ಮೇಲೆ ಒಂದೇ ಮಾತು: “ಆತು.” ಆ ಮಾತು ಬಿದ್ದರೆ ಗಾಡಿ ಮುಂದಕ್ಕೆ. ಯಾವ ರೈತನೂ ಅದರ ಮೇಲೆ ಮರುಮಾತು ತೆಗೆಯುತ್ತಿರಲಿಲ್ಲ. ನಿವೃತ್ತಿಯ ನಂತರ ಆ ಅಧಿಕಾರ ನಮ್ಮ ಓಣಿಗೆ ವರ್ಗವಾಯಿತು. ಕನ್ಯೆ ನೋಡಿ ಬಂದವರ ತಕರಾರು, ಅಡ್ಡಗೋಡೆಯ ಜಗಳ, ಯಾರ ಹೋರಿ ಯಾರ ಜೋಳ ಮೇಯ್ದಿತೆಂಬ ವಿಚಾರಣೆ, ಯಾವುದೇ ಇರಲಿ, ಕಾಕಾ “ಆತು” ಎಂದರೆ ಆಯಿತು.

ಆ ಕಾಲಕ್ಕೆ ಓಣಿಯ ಗಂಡಸರು ಬೆಳಗಾದರೆ ಚರಗಿಯಲ್ಲಿ ನೀರು ಹಿಡಿದು ಊರ ಹೊರಗಿನ ಹೊಲದ ಕಡೆ ಹೊರಡುತ್ತಿದ್ದರು. ಆ ಪದ್ಧತಿಯನ್ನು ನಾನು ಹೊಗಳಲಾರೆ. ಹೆಂಗಸರು ಬೆಳಕು ಹರಿಯುವ ಮುಂಚೆ ಅಂಜುತ್ತ ಹೋಗಿ ಅಂಜುತ್ತ ಬರುತ್ತಿದ್ದುದನ್ನು ಕಂಡವನು ನಾನು. ಅದು ಹೋದದ್ದೇ ಒಳ್ಳೆಯದಾಯಿತು. ಆದರೆ ಗಂಡಸರ ಪಾಲಿಗೆ ಅದೊಂದು ಮಹಾಸಭೆ. ಕಾಕಾ ಅಧ್ಯಕ್ಷರು. ತೊಗರಿ ಸಾಲಿನ ಆಚೆ ಈಚೆ ಕೂತು, ಮುಖ ಕಾಣದೆ ಬರೀ ದನಿಗಳಲ್ಲಿ, ತೊಗರಿಯ ದರದಿಂದ ಹಿಡಿದು ದಿಲ್ಲಿಯ ರಾಜಕಾರಣದವರೆಗೆ ಠರಾವು ಪಾಸಾಗುತ್ತಿದ್ದವು. ಸಭೆ ಬರಖಾಸ್ತಾಗುವ ಹೊತ್ತಿಗೆ, ಹೋದ ಕೆಲಸವೂ ಸರ್ವಾನುಮತದಿಂದ ಮುಗಿದಿರುತ್ತಿತ್ತು.

ಮುಂದೆ ಮನೆಮನೆಗೆ ಸಂಡಾಸ ಬಂದವು. ಕಾಕಾನ ಮನೆಯದಕ್ಕೆ ಬಿಳಿ ಟೈಲ್ಸ್ ಹಾಕಿಸಿದರು. ಬಂದ ನೆಂಟರಿಗೆ ಅವರ ಹೆಂಡತಿ ಕಾಕಿ ದೇವರಮನೆಗಿಂತ ಮೊದಲು ಅದನ್ನೇ ತೋರಿಸುತ್ತಿದ್ದರು. ಕಾಕಾ ಮಾತ್ರ ಒಳಗೆ ಹೋದರೆ ಹೋದ ಹಾಗೆಯೇ ಹೊರಗೆ ಬರುತ್ತಿದ್ದರು. ಯಾಕೆಂದು ಕೇಳಿದವರಿಗೆ ಹೇಳುತ್ತಿದ್ದರು:

“ಗ್ವಾಡಿ ಜೋಡಿ ಎಷ್ಟಂತ ಮಾತಾಡ್ಲೋ? ಅದರೇ ‘ಹೌದ್ರಿ’ ಅಂತದೇನು?”

ಇಡೀ ಓಣಿ ನಕ್ಕಿತು. ನಾನೂ ನಕ್ಕೆ. ಸಭೆ ಇಲ್ಲದ್ದಕ್ಕೆ ಕಾಕಾನ ಹೊಟ್ಟೆ ಮುಷ್ಕರ ಹೂಡಿದೆ ಎಂಬ ಕಾರಣ ಎಷ್ಟು ಚೆನ್ನಾಗಿತ್ತೆಂದರೆ, ಬೇರೆ ಕಾರಣ ಹುಡುಕುವ ಅವಶ್ಯಕತೆ ಯಾರಿಗೂ ಕಾಣಲಿಲ್ಲ. ಕೊಳಕೂರಿನಿಂದ ಬಂದ ಅವರ ಷಡ್ಡಕರು ಔಡಲ ಎಣ್ಣೆ ಕುಡಿಸಿದರು. ಬಿಸಿನೀರು, ನೆನೆಸಿದ ಅಂಜೂರ, ರಾತ್ರಿ ಹಾಲಿಗೆ ತುಪ್ಪ... ಒಂದು ದಿನ ಆದರೆ ನಾಲ್ಕು ದಿನ ಇಲ್ಲ. ಮೊದಲು ಎರಡು ಜೋಳದ ರೊಟ್ಟಿ ಉಣ್ಣುತ್ತಿದ್ದವರು ಒಂದಕ್ಕೆ ಇಳಿದರು, ಆಮೇಲೆ ಅರ್ಧಕ್ಕೆ.

ಕಾಕಿಗೆ ಮಾತ್ರ ನಗು ನಿಂತಿತ್ತು. ಒಂದು ಬೆಳಗ್ಗೆ ನನ್ನೆದುರಿಗೇ ಹೇಳಿದರು: “ದೊಡ್ಡ ದವಾಖಾನಿಗಿ ಹೋಗೋಣ ನಡೀರಿ. ಅಂಗಿ ನೋಡ್ಕೋರಿ, ಗೂಟಕ್ಕ ತೂಗಹಾಕಿದಂಗ ಕಾಣ್ತದ.”

“ಹೋಗಿ ಡಾಕ್ಟರ್ ಮುಂದ ಏನಂತ ಹೇಳ್ಲಿ? ಅಲ್ಲಿ ಹೆಣ್ಣಮಗಳು ಡಾಕ್ಟರ್ ಇದ್ರ?”

“ಇದ್ರೇನಾತು? ಆಕಿ ಹೊಟ್ಟ್ಯಾಗ ಏನು ಹೂವಿನ ಅಂಗಡಿ ಇಟ್ಟಾಳೇನು?”

ಅಷ್ಟರಲ್ಲಿ ಆಳಂದಕ್ಕೆ ಕೊಟ್ಟ ಮಗಳು ಸುದ್ದಿ ತಿಳಿದು ಬಂದಳು. ಕೈಚೀಲದಲ್ಲಿ ಮೂರು ಪುಟ್ಟ ಶೀಶೆಗಳಿದ್ದವು: ಪುದೀನಾ, ಶುಂಠಿ, ಬಡೇಸೋಪು. ಕುಡಿಯುವಂಥವಲ್ಲ; ಒಂದೆರಡು ಹನಿಯನ್ನು ಬೇರೆ ಎಣ್ಣೆಯಲ್ಲಿ ಬೆರೆಸಿ ಹೊಟ್ಟೆಗೆ ತಿಕ್ಕಬೇಕು. ಬೇರೆ ಎಣ್ಣೆ ಎಂದರೆ ನಮ್ಮಲ್ಲಿ ಕುಸುಬಿ ಎಣ್ಣೆಯೇ. ಮಗಳು ತಂದೆ ತಾಯಿ ಇಬ್ಬರನ್ನೂ ಕೂರಿಸಿ ಒಪ್ಪಂದ ಮಾಡಿಸಿದಳು. ಅಮಾವಾಸ್ಯೆಯತನಕ ಎಣ್ಣೆ. ಅಷ್ಟರಲ್ಲಿ ಹೊಟ್ಟೆ ಸರಿಹೋಗದಿದ್ದರೆ ಕಲಬುರಗಿಯ ದವಾಖಾನೆ, ಮಾತಿಲ್ಲದೆ.

“ಕಬೂಲ್ ಏನಪಾ?” ಎಂದಳು.

“ಆತು,” ಎಂದರು ಕಾಕಾ.

ಶೀಶೆಯ ಜೊತೆಗಿದ್ದ ಚೀಟಿಯಲ್ಲಿ, ಹೊಕ್ಕುಳ ಸುತ್ತ ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ತಿಕ್ಕಬೇಕು ಎಂದಿತ್ತು. ಓಣಿಯ ಬೌದ್ಧಿಕ ಜೀವನದಲ್ಲಿ ಅಂಥ ದಿನ ಮತ್ತೆ ಬರಲಿಲ್ಲ. ಕಾಕಾ ಗೋಡೆಯ ಗಡಿಯಾರ ಇಳಿಸಿ, ಅಂಗಾತ ಮಲಗಿ, ಹೊಟ್ಟೆಯ ಮೇಲೆ ಇಟ್ಟುಕೊಂಡರು. ನಾವೆಲ್ಲ ಸುತ್ತ ನಿಂತೆವು. ಕಾಕಿ ಕೈಗೆ ಎಣ್ಣೆ ಹಚ್ಚಿಕೊಂಡು ತಯಾರಾದಾಗ ಕಾಕಾ ಒಂದು ಮೂಲಭೂತ ಆಕ್ಷೇಪ ಎತ್ತಿದರು: ತಿಕ್ಕುವುದು ಹೊರಗಿಂದ, ಆದರೆ ಕೆಲಸ ಆಗಬೇಕಾದದ್ದು ಒಳಗೆ. ಒಳಗಿನಿಂದ ನೋಡಿದರೆ ಗಡಿಯಾರ ಉಲ್ಟಾ ತಿರುಗುತ್ತದಲ್ಲ?

ಇದರ ತೀರ್ಮಾನಕ್ಕೆ ಓಣಿಯ ಈಶ್ವರ ಗುಡಿಯ ಪೂಜೆ ಮಾಡುತ್ತಿದ್ದ ಅಯ್ಯನವರನ್ನು ಕರೆಸಿದೆವು. ಅವರು ಗಡಿಯಾರವನ್ನು ಒಂದು ಕೈಯಿಂದ ಸರಿಸಿದರು. ಗಡಿಯಾರದ ದಿಕ್ಕು ಎಂದರೆ ಪ್ರದಕ್ಷಿಣೆಯ ದಿಕ್ಕು, ಅದರಲ್ಲಿ ಚರ್ಚೆಯೇ ಇಲ್ಲ ಎಂದರು. ನಾವು ನಿಟ್ಟುಸಿರು ಬಿಡುವಷ್ಟರಲ್ಲಿ ಅವರಿಗೆ ಇನ್ನೊಂದು ಹೊಳೆಯಿತು.

“ಆದ್ರ ಒಂದು ಮಾತ್ರಿ. ಈಶ್ವರನ ಸುತ್ತ ಯಾರರೇ ಪೂರ್ತಿ ಸುತ್ತು ಹಾಕ್ತಾರೇನು? ಅಭಿಷೇಕದ ನೀರು ಹರಿಯೋ ಕಡಿ ದಾಟಂಗಿಲ್ಲ. ಅಲ್ಲಿ ಮಟ ಹೋಗಬೇಕು, ತಿರುಗಿ ಬರಬೇಕು. ಹೊಕ್ಕಳ ಅಂದ್ರೂ ಒಂದು ಪೀಠನೇ.”

ಕಾಕಿ ಎಣ್ಣೆಗೈ ಸೊಂಟದ ಮೇಲೆ ಇಟ್ಟುಕೊಂಡರು. “ಅಯ್ಯನೋರ, ಇವರ ಹೊಟ್ಟ್ಯಾಗ ಹರಿಯೋದು ಹರಿದಿದ್ರ ನಿಮ್ಮನ್ಯಾಕ ಕರೀತಿದ್ವಿರಿ?”

ಆದರೂ ಶಾಸ್ತ್ರ ಶಾಸ್ತ್ರವೇ. ಅಂದಿನಿಂದ ಕಾಕಾನ ಹೊಟ್ಟೆಯ ಮೇಲೆ ಅರ್ಧ ಪ್ರದಕ್ಷಿಣೆ ನಡೆಯಿತು. ಕಾಕಿಯ ಅಂಗೈ ಬಲಕ್ಕೆ ಹೊರಟು, ಅರ್ಧ ದಾರಿಗೆ ನಿಂತು, ಬಂದ ದಾರಿಯಲ್ಲೇ ಹಿಂದಿರುಗುತ್ತಿತ್ತು. ಮುಂದಕ್ಕೆ ತಳ್ಳಿದ್ದನ್ನು ಅದೇ ಕೈ ಮರಳಿ ತಂದು ಒಪ್ಪಿಸುತ್ತಿತ್ತು. ಹಿತವಾಗುತ್ತದೆ ಎಂದು ಕಾಕಾ ಹೇಳುತ್ತಿದ್ದರು. ಅದು ನಿಜವೇ ಇರಬೇಕು, ತಿಕ್ಕುವಾಗ ಅವರ ಹುಬ್ಬಿನ ಗಂಟು ಸಡಿಲಾಗುತ್ತಿತ್ತು. ಇಡೀ ಓಣಿಗೆ ಪುದೀನಾ ವಾಸನೆ. ಬೆಳಗ್ಗೆ ಆ ದಾರಿ ಹಿಡಿದವರೆಲ್ಲ, ಹಾಲಿನವನು, ಶಾಲೆಗೆ ಹೊರಟ ಮಾಸ್ತರರು, ಅತನೂರಿನಿಂದ ಕಾಯಿಪಲ್ಲೆ ತರುವ ಹೆಂಗಸು, ಕಾಕಾನ ಮನೆಯ ಕಟ್ಟೆಯ ಹತ್ತಿರ ಹೆಜ್ಜೆ ನಿಧಾನ ಮಾಡಿ ಕೇಳುವವರೇ:

“ಆತೇನ್ರಿ ಕಾಕಾ?”

ಕಾಕಾ ಇಲ್ಲವೆಂದು ತಲೆಯಾಡಿಸುತ್ತಿದ್ದರು. ಕೇಳಿದವರ ಮುಖ ಸಣ್ಣದಾಗುತ್ತಿತ್ತು. ಮತಗಳ ಎಣಿಕೆ ಇನ್ನೂ ಮುಗಿದಿಲ್ಲವೆಂಬಂತೆ ಮುಂದೆ ಹೋಗುತ್ತಿದ್ದರು.

ಅಮಾವಾಸ್ಯೆಗೆ ಒಂದು ದಿನ ಮುಂಚೆ ಸಂಡಾಸದ ಬಾಗಿಲು ತೆರೆಯಿತು. ಕಾಕಾ ಹೊರಗೆ ಬಂದು, ಕೈಕಾಲು ತೊಳೆದು, ಕಟ್ಟೆಯ ಮೇಲೆ ಕೂತು, ಕಾಟಾದ ಮೇಲಿನ ಹಳೆಯ ದನಿಯಲ್ಲಿ ಹೇಳಿದರು:

“ಆತು.”

ಕಾಕಿ ಸೆರಗಿನಿಂದ ಕಣ್ಣೊರೆಸಿಕೊಂಡು ನೇರ ಅಡಿಗೆಮನೆಗೆ ಹೋಗಿ ಕಡಲೆಬೇಳೆ ಬೇಯಲು ಇಟ್ಟರು. ಮಧ್ಯಾಹ್ನ ಓಣಿಗೆಲ್ಲ ಹೋಳಿಗೆ. ಅಯ್ಯನವರು ಬಂದು, ಹಿರಿಯರು ಸುಮ್ಮನೆ ಹೇಳಿರುವುದಿಲ್ಲ ಎಂದು ನಾಲ್ಕು ಹೋಳಿಗೆಯಷ್ಟು ದೀರ್ಘವಾಗಿ ಮಾತಾಡಿದರು. ಕಾಕಾ ಒಂದು ಹೋಳಿಗೆಯನ್ನು ಬಹಳ ಹೊತ್ತು ತಿಂದರು. ಮಗಳು ಸಂಜೆಯ ಬಸ್ಸಿಗೆ ಆಳಂದಕ್ಕೆ ಹೊರಟಳು. ದವಾಖಾನೆಯ ಮಾತು ಅಲ್ಲಿಗೇ ನಿಂತಿತು. ಮರುದಿನವೂ “ಆತು”. ಅದರ ಮರುದಿನವೂ. ಅನುಮಾನ ಪಡಲು ಅದು ಬೇರೆ ಯಾರದೋ ಮಾತಾಗಿರಲಿಲ್ಲ, ಕಾಕಾನದಾಗಿತ್ತು.

ಕೆಲವು ವಾರ ಹೀಗೇ ನಡೆಯಿತು... ಆಮೇಲೆ ಒಂದು ಮುಂಜಾನೆ ಕಾಕಿಯ ಕೂಗು ಕೇಳಿ ಹೋದೆ. ಕಾಕಾ ವಾಂತಿ ಮಾಡಿಕೊಂಡು ಗೋಡೆಗೆ ಒರಗಿ ಕೂತಿದ್ದರು. ಹೊಟ್ಟೆ ಹಲಗೆಯಂತೆ ಬಿಗಿದಿತ್ತು. ಜೀಪು ಮಾಡಿಕೊಂಡು ಕಲಬುರಗಿಗೆ ಕರೆದೊಯ್ದೆವು. ಅಲ್ಲಿ ಇದ್ದದ್ದು ಹೆಣ್ಣುಮಗಳೇ, ಚಿಕ್ಕ ವಯಸ್ಸಿನ ಡಾಕ್ಟರು. ಎಷ್ಟು ದಿನದಿಂದ ಹೀಗಿದೆ ಎಂದು ಕೇಳಿದರು.

“ನಿನ್ನಿ ಮಟ ಚೊಲೋ ಇತ್ರೀ. ದಿನಾ ಆಗಾಕತ್ತಿತ್ತು,” ಎಂದರು ಕಾಕಿ.

ಕಾಕಾ ಡಾಕ್ಟರನ್ನು ನೋಡಲಿಲ್ಲ. ಮೇಲಿನ ಫ್ಯಾನು ನೋಡುತ್ತ ಹೇಳಿದರು: “ಆಗಿದ್ದಿಲ್ಲ.”

ಕಾಕಿ ಅವರ ಕಡೆ ತಿರುಗಿದರು. ಬೈಯುತ್ತಾರೆ ಎಂದುಕೊಂಡೆ. ಕೇಳಿದ್ದು ಇಷ್ಟೇ: “ಹಂಗಾರ ಆವತ್ತು ಹೋಳಿಗಿ ಯಾಕ ತಿಂದ್ರಿ?”

“ನೀ ಮಾಡಿದ್ದಿಯಲ್ಲ.”

ನನಗೆಂದೋ ಫ್ಯಾನಿಗೆಂದೋ, ಮತ್ತೆ ಹೇಳಿದರು: “ಓಣಿ ಮಂದಿಯೆಲ್ಲಾ ಕಾಯಾಕತ್ತಿದ್ರೋ... ಎಷ್ಟಂತ ಇಲ್ಲ ಅನ್ಲಿ.”

ಕರುಳಿನಲ್ಲಿ ಗಡ್ಡೆ ಬೆಳೆದು ದಾರಿ ಕಟ್ಟಿತ್ತು. ಸಭೆ ಇಲ್ಲದ್ದು, ಬಿಳಿ ಟೈಲ್ಸು, ಎಣ್ಣೆಯ ದಿಕ್ಕು, ಯಾವುದಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ಇನ್ನೊಂದಿಷ್ಟು ಮೊದಲು ಬಂದಿದ್ದರೆ, ಎಂದು ಶುರುಮಾಡಿದ ಡಾಕ್ಟರು ಕಾಕಾನ ಹೊಟ್ಟೆಯ ಮೇಲಿದ್ದ ಕಾಕಿಯ ಕೈಯನ್ನು ನೋಡಿ ಮಾತು ನಿಲ್ಲಿಸಿದರು. ಆ ಕೈಯಿಂದ ಇನ್ನೂ ಪುದೀನಾ ವಾಸನೆ ಬರುತ್ತಿತ್ತು. ಆಪರೇಶನ್ ಮಾಡಿದರು. ಕಾಕಾ ಮನೆಗೆ ಮರಳಿದ್ದು ಆಂಬುಲೆನ್ಸಿನಲ್ಲಿ, ಮುಖ ಮುಚ್ಚಿಕೊಂಡು.

ಮಣ್ಣು ಮಾಡಲು ಓಣಿಯೆಲ್ಲ ಬಂದಿತ್ತು. ಹೆಗಲು ಕೊಟ್ಟಾಗ ಭಾರವೇ ಇರಲಿಲ್ಲ ಎಂಬುದು ನನಗೆ ನೆನಪಿದೆ. ಅದಕ್ಕೂ ಮೊದಲು ಮನೆಯಲ್ಲಿ ಮಗಳು ಅಳುತ್ತಿದ್ದಳು, ಅಯ್ಯನವರು ಮಂತ್ರದ ನಡುವೆ ಎರಡು ಸಲ ತಡವರಿಸಿದರು. ನಾನು ಗೋಡೆಗೆ ಮರಳಿ ತೂಗುಹಾಕಿದ್ದ ಗಡಿಯಾರವನ್ನು ನೋಡುತ್ತ ನಿಂತಿದ್ದೆ. ಗಾಜಿನ ಮೇಲೆ ಎಣ್ಣೆಯ ಬೆರಳುಗಳ ಗುರುತಿತ್ತು. ಇದನ್ನು ಯಾರಾದರೂ ಒರೆಸಬಾರದೇ ಎಂದುಕೊಂಡೆ. ಅದರ ಹೊರತು ಏನೂ ಅನ್ನಿಸಲಿಲ್ಲ. ಮುಂದೆ ಅನ್ನಿಸಬಹುದೆಂದು ಕಾದೆ. ಕಾಕಿ ಮಗಳ ಮನೆಗೆ ಹೋದರು, ಅಲ್ಲೇ ತೀರಿಕೊಂಡರು. ನಾನು ನಿವೃತ್ತನಾಗಿ ಜೇವರ್ಗಿಗೆ ಬಂದೆ. ಇನ್ನೂ ಅನ್ನಿಸಿಲ್ಲ...

ಶೀಶೆ ಹಿಡಿದು ಇಷ್ಟೆಲ್ಲ ಯೋಚಿಸುತ್ತಿರುವಾಗ ಸೊಸೆ ಬಾಗಿಲಲ್ಲಿ ನಿಂತಿದ್ದಳು. ಒಂದು ಕೈಯಲ್ಲಿ ಮಕ್ಕಳ ಊಟದ ಡಬ್ಬಿ, ಇನ್ನೊಂದರಲ್ಲಿ ಅವಳ ಬ್ಯಾಗು. ಹೊರಗೆ ಆಟೋ ಹಾರ್ನ್ ಹೊಡೆಯುತ್ತಿತ್ತು. ಮೊಟ್ಟಮೊದಲ ಸಲ ಅವಳು ನೇರವಾಗಿ ಕೇಳಿದಳು:

“ಮಾವಾರ, ಆತೇನ್ರಿ?”

ನಾಲಿಗೆಯ ತುದಿಯಲ್ಲಿ ಮಾತು ತಯಾರಾಗಿ ಕೂತಿತ್ತು. ಎಷ್ಟು ಸುಲಭದ ಮಾತು ಅದು. ಅಂದುಬಿಟ್ಟರೆ ಅವಳ ಮುಖ ಬೆಳಗುತ್ತದೆ, ಆಟೋ ಹೊರಡುತ್ತದೆ, ಮನೆಯೆಲ್ಲ ಹಗುರಾಗುತ್ತದೆ. ಕಾಕಾ ಯಾಕೆ ಹಾಗೆ ಹೇಳಿದರೆಂದು ಆಗ ಗೊತ್ತಾಯಿತು.

“ಇಲ್ಲವ್ವಾ,” ಎಂದೆ. “ಆಗಿಲ್ಲ. ಭಾಳ ದಿನದಿಂದ ಹಿಂಗೇ ಅದ. ಅಂಗೀನೂ ಸಡಲ ಆಗ್ಯಾವ.”

ಅವಳು ಡಬ್ಬಿಯನ್ನು ಸ್ಟೂಲಿನ ಮೇಲೆ ಇಟ್ಟಳು. ನನ್ನ ಅಂಗಿಯ ಕಡೆ ನೋಡಿದಳು. “ನಾಳಿಗೇ ಕಲಬುರಗಿಗಿ ಹೋಗೂಣ್ರಿ,” ಎಂದಳು, ಆಟೋದವನಿಗೆ ನಿಲ್ಲಲು ಕೂಗಿ ಹೇಳಿ, ನನ್ನ ಮಗನಿಗೆ ಫೋನು ಹಚ್ಚಿದಳು.

ಅವಳು ಹೋದ ಮೇಲೆ ಎರಡು ಹನಿ ಎಣ್ಣೆಯನ್ನು ಕುಸುಬಿ ಎಣ್ಣೆಯಲ್ಲಿ ಬೆರೆಸಿ ನಾನೇ ತಿಕ್ಕಿಕೊಂಡೆ. ಪೂರ್ತಿ ಸುತ್ತು, ದಾಟಬಾರದ ಕಡೆಯನ್ನೂ ದಾಟಿ. ಹಿತವಾಯಿತು. ಕಾಕಾ ಹೇಳಿದ್ದರಲ್ಲಿ ಅದೊಂದು ಸುಳ್ಳಾಗಿರಲಿಲ್ಲ. ಆಮೇಲೆ ಶೀಶೆಯ ಮುಚ್ಚಳ ಬಿಗಿ ಮಾಡಿದೆ. ಕೋಣೆಯಲ್ಲಿ ವಾಸನೆ ಇನ್ನೂ ಇತ್ತು. ಕಾಕಾ ಇರಲಿಲ್ಲ.