ಮುನಿಶಾಮಪ್ಪನ ಮೂರು ಕಡ್ಡಿ

ಎಪ್ಪತ್ತೆಂಟರಲ್ಲಿ ಹೊಸೂರಿನ ಅಂಚಿನ ಆಲಸನತ್ತಂನಲ್ಲಿ ನಾವು ಮನೆ ಕಟ್ಟಿದಾಗ ಮನೆಯ ಸುತ್ತ ಇದ್ದದ್ದು ಕಲ್ಲು, ಮುಳ್ಳು, ಮತ್ತು ನನ್ನ ಯೋಜನೆ. ನಾನು ಹೊಸೂರಿನ ಹೈಸ್ಕೂಲೊಂದರಲ್ಲಿ ಲೆಕ್ಕದ ಮೇಷ್ಟ್ರು. ಗ್ರಾಫ್ ಕಾಗದದ ಮೇಲೆ ನಡುವೆ ಹುಲ್ಲುಹಾಸು, ನಾಲ್ಕು ಮೂಲೆಗೆ ನಾಲ್ಕು ಕ್ರೋಟನ್, ಎರಡು ಅಡಿಗೊಂದು ಗುಲಾಬಿ ಎಂದು ಸ್ಕೇಲು ಹಿಡಿದು ಗೆರೆ ಎಳೆದಿದ್ದೆ. ಬಣ್ಣದ ಪೆನ್ಸಿಲ್ ಕೂಡ ಬಳಸಿದ್ದೆ. ಅದನ್ನು ನೋಡಿ ನನ್ನ ಹೆಂಡತಿ ರಾಧಮ್ಮ, ಇದರಲ್ಲಿ ಕರಿಬೇವು ಎಲ್ಲಿ ಎಂದು ಕೇಳಿದಳು. ಕರಿಬೇವು ಇರಲಿಲ್ಲ.

ತೋಟ ಹಾಕಲು ಯಾರೋ ಮುನಿಶಾಮಪ್ಪನನ್ನು ಕಳಿಸಿದರು. ಕಾಡಂಚಿನ ಜವಳಗಿರಿ ಕಡೆಯವನು, ಐವತ್ತರ ಆಸುಪಾಸು, ತಲೆಗೆ ಟವಲು, ಬಾಯಲ್ಲಿ ಎಲೆಅಡಿಕೆ. ಊರಲ್ಲಿ ಅವನಿಗೆ ಎರಡು ಎಕರೆ ಇತ್ತು. ರಾಗಿ ಹಾಕಿದರೆ ಆನೆ ಬರುತ್ತಿತ್ತು, ಬಾಳೆ ಹಾಕಿದರೆ ಬಂಧುಬಳಗವನ್ನೂ ಕರೆದುಕೊಂಡು ಬರುತ್ತಿತ್ತು. ಕೊನೆಗೆ ಆ ಜಮೀನನ್ನು ತಮ್ಮನಿಗೂ ಆನೆಗಳಿಗೂ ಬಿಟ್ಟು ಹೊಸೂರಿಗೆ ಬಂದಿದ್ದ. ಇಲ್ಲಿ ಸಂಜೆ ನೆಟ್ಟದ್ದು ಬೆಳಿಗ್ಗೆ ಅಲ್ಲೇ ಇರುತ್ತದಲ್ಲ, ತನಗೆ ಅಷ್ಟು ಸಾಕು ಎಂದ.

ನನ್ನ ಗ್ರಾಫ್ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. ಅಕ್ಷರ ದುಂಡಗಿದೆ ಎಂದು ಹೊಗಳಿದ. ಆಮೇಲೆ ಮಡಿಸಿ, ನೆಲದ ಮೇಲಿಟ್ಟು, ಅದರ ಮೇಲೆ ಕೂತ.

ಮೊದಲ ದಿನ ಗುದ್ದಲಿ ಮುಟ್ಟಲಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಮನೆಯ ನೆರಳು ಸರಿದಂತೆ ತಾನೂ ಸರಿಯುತ್ತಾ, ಅಲ್ಲಲ್ಲಿ ಕಡ್ಡಿ ಚುಚ್ಚುತ್ತಾ ಕೂತಿದ್ದ. ಕೂಲಿಗೆ ಬಂದವನು ಕೂತೇ ದಿನ ಕಳೆದರೆ ನನ್ನಂಥವನಿಗೆ ಮೈ ಉರಿಯದೆ ಇರುತ್ತದೆಯೆ? ಎರಡನೆಯ ದಿನ ಒಂದು ಕೊಡ ನೀರು ಕೇಳಿ, ಬಾಗಿಲ ಮುಂದೆ ಸುರಿದು, ಅದು ಹರಿದ ಕಡೆಗೆಲ್ಲ ಬಗ್ಗಿಕೊಂಡು ಹೋದ. ರಾಧಮ್ಮನನ್ನು ಕರೆದು, ಅಡುಗೆ ಮಾಡುವಾಗ ಯಾವ ಕಿಟಕಿಯಲ್ಲಿ ಮುಖ ಇರುತ್ತದೆ, ಬಟ್ಟೆ ಎಲ್ಲಿ ಒಣಹಾಕುತ್ತೀರಿ, ಬಚ್ಚಲ ನೀರು ಎತ್ತ ಹೋಗುತ್ತದೆ ಎಂದು ವಿಚಾರಿಸಿದ. ನನ್ನನ್ನು ಏನೂ ಕೇಳಲಿಲ್ಲ.

ಮೂರನೆಯ ದಿನ ಶುರುಮಾಡಿದ. ಬಚ್ಚಲ ನೀರಿಗೆ ಬಾಳೆ, ಅದರ ಬುಡದಲ್ಲಿ ಕೆಸು. ಹಿತ್ತಿಲ ಬಾಗಿಲಿಂದ ನಾಲ್ಕು ಹೆಜ್ಜೆಗೆ ಕರಿಬೇವು, ಒಗ್ಗರಣೆ ಸೀಯುವುದರೊಳಗೆ ಕಿತ್ತು ತರುವಷ್ಟು ದೂರ. ಬಟ್ಟೆ ಒಣಗುವಲ್ಲಿ ಗಿಡವೇ ಬೇಡ ಎಂದ. ಪಾರಿಜಾತ ಮೂಲೆಯಲ್ಲಿ, ಹೂ ಉದುರಿದರೆ ಸಾರಿಸಿದ ನೆಲದ ಮೇಲೇ ಬೀಳುವಂತೆ. ದಾಸವಾಳವನ್ನು ಮಾತ್ರ ಕಾಂಪೌಂಡಿನ ಹೊರಗೆ ಬೀದಿಗೆ ನೆಟ್ಟ. ಬೆಳಗಾಗುವುದರೊಳಗೆ ಬುಟ್ಟಿ ಹಿಡಿದು ಕಂಡವರ ಮನೆಯ ಹೂ ಕೀಳುವ ಭಕ್ತಾದಿಗಳು ನಮ್ಮ ಬೀದಿಯಲ್ಲಿ ಬೇಕಾದಷ್ಟಿದ್ದರು. ಅವರ ಕೈಗೆ ಸುಲಭವಾಗಿ ಏನಾದರೂ ಸಿಕ್ಕಿದರೆ ಒಳಗೆ ಕೈ ಚಾಚುವುದಿಲ್ಲ, ಆನೆಗೂ ಹೊಲದ ಅಂಚಿಗೆ ಹೀಗೇ ಏನಾದರೂ ಬಿಡಬೇಕು ಎಂಬುದು ಅವನ ಲೆಕ್ಕ. ನನ್ನ ಮನಸ್ಸಿಗೆ ಬೇಜಾರಾಗಬಾರದೆಂದು ಗೇಟಿನ ಪಕ್ಕ ಒಂದು ಕ್ರೋಟನ್ ಇಟ್ಟ.

ಒಳ್ಳೆಯ ಜಾಗವೆಂದರೆ ಅಡುಗೆಮನೆಯ ಕಿಟಕಿಯ ಕೆಳಗೆ, ಎಳೆಬಿಸಿಲು ಬೀಳುವ ಕಡೆ. ಅಲ್ಲಿ ರಾಧಮ್ಮನ ಪನ್ನೀರು ಗುಲಾಬಿ ಬಂತು. ಅದು ಅವಳ ತಾಯಿ ತಳಿ ಎಂಬ ಊರಿನ ಮನೆಯಲ್ಲಿ ಬೆಳೆಸಿದ್ದ ಗಿಡದ ಕಡ್ಡಿ. ತಾಯಿ ತೀರಿಕೊಂಡು ಆ ಮನೆ ಮಾರಿದ ದಿನ, ಬಸ್ಸಿನಲ್ಲಿ ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ತಂದಿದ್ದಳು. ಹೊಸ ಮಾಲೀಕರು ಹಳೆಯ ಗಿಡ ಕಡಿಸಿ ಕಾರು ನಿಲ್ಲಿಸಿದ್ದರಿಂದ ತಾಯಿಯ ಗಿಡ ಅಂತ ಉಳಿದದ್ದು ಇದೊಂದೇ.

ನಮ್ಮ ಕಡೆ ಹೆಂಗಸರಲ್ಲಿ ಒಂದು ನಂಬಿಕೆ ಇದೆ. ಕೇಳಿ ತಂದ ಕಡ್ಡಿ ಚಿಗುರುವುದಿಲ್ಲ, ಕದ್ದು ತಂದದ್ದೇ ಚಿಗುರುವುದು. ಹಾಗಾಗಿ ಕಡ್ಡಿಕಳ್ಳರ ಭಯಕ್ಕೆ ರಾಧಮ್ಮ ಮುನಿಶಾಮಪ್ಪನ ಕೈಯಲ್ಲಿ ಆಣೆ ಹಾಕಿಸಿಕೊಂಡಳು: ಈ ಗಿಡದ ಕಡ್ಡಿ ಯಾರ ಮನೆಗೂ ಹೋಗಕೂಡದು, ಪಕ್ಕದ ಮನೆಗಂತೂ ಕೂಡದೇ ಕೂಡದು. ಪಕ್ಕದ ಮನೆಯ ವೆಂಕಟಲಕ್ಷ್ಮಿಯ ನುಗ್ಗೆಮರದಿಂದ ಕಂಬಳಿಹುಳ ಗೋಡೆ ಹತ್ತಿ ನಮ್ಮ ಬಟ್ಟೆಗೆ ಬಂದದ್ದೇ ನೆಪವಾಗಿ ಇಬ್ಬರಿಗೂ ಮಾತು ನಿಂತಿತ್ತು. ಮುನಿಶಾಮಪ್ಪ ಮುನೇಶ್ವರನ ಮೇಲೆ ಆಣೆ ಹಾಕಿದ. ವಾರಕ್ಕೊಮ್ಮೆ ಎರಡೂ ಮನೆಯ ತೋಟ ನೋಡಿಕೊಳ್ಳುತ್ತಿದ್ದವನು ಅವನೇ.

ಐದು ವರ್ಷ ಆ ಗಿಡ ಹೂ ಬಿಟ್ಟಿತು. ಬೆಳಿಗ್ಗೆ ಕಾಫಿಯ ಜೊತೆ ಅದರ ವಾಸನೆ ಬರುತ್ತಿತ್ತು, ಅಷ್ಟು ಹೊತ್ತು ರಾಧಮ್ಮ ನನ್ನನ್ನು ಬೈಯುತ್ತಿರಲಿಲ್ಲ. ಎಂಬತ್ತಮೂರರ ಬೇಸಿಗೆ ರಜೆಯಲ್ಲಿ ಯಾರೋ ಯೂರಿಯಾದ ಚೀಲ ಕೊಟ್ಟರು. ಒಂದು ಚಮಚ ಹಾಕಿದೆ, ಹತ್ತು ಹೂ ಬಂತು. ಲೆಕ್ಕದ ಮೇಷ್ಟ್ರಿಗೆ ಇಷ್ಟು ಸಿಕ್ಕರೆ ಸುಮ್ಮನಿರಲು ಸಾಧ್ಯವೆ? ಒಂದು ಚಮಚಕ್ಕೆ ಹತ್ತು ಹೂವಾದರೆ ಹತ್ತು ಚಮಚಕ್ಕೆ ಎಷ್ಟು? ತ್ರೈರಾಶಿ ಮಾಡಿದೆ, ನೂರು ಬಂತು. ಮುಂದಿನ ತಿಂಗಳು ಅವಳ ತಾಯಿಯ ತಿಥಿ, ನೂರು ಹೂವಿನಿಂದ ಅವಳನ್ನು ಬೆರಗುಗೊಳಿಸಬೇಕೆಂದು ಹತ್ತು ಚಮಚ ಸುರಿದು ನೀರು ಹಾಕಿದೆ.

ಎರಡೇ ದಿನಕ್ಕೆ ಎಲೆ ಸುಟ್ಟಂತಾಯಿತು. ವಾರದೊಳಗೆ ಬುಡ ಕರಿದಾಯಿತು. ರಾಧಮ್ಮ ಯೂರಿಯಾದ ಚೀಲ ಕಂಡಳು. ಕಿಟಕಿಯ ಹತ್ತಿರ ನಿಂತು ಅತ್ತಳು. ಆ ಹೊತ್ತಿಗೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು, ಇಂದಿಗೂ ಆಗುತ್ತದೆ.

ಮುನಿಶಾಮಪ್ಪ ಬಂದ. ಬುಡ ಕೆದಕಿ, ಮಣ್ಣು ಮೂಸಿ, ನನ್ನ ಮುಖ ನೋಡಿದ. ಟವಲು ತೆಗೆದು ಕಂಕುಳಲ್ಲಿಟ್ಟುಕೊಂಡು ರಾಧಮ್ಮನ ಮುಂದೆ ನಿಂತ.

"ಅಮ್ಮಾವ್ರೇ, ಆಣೆ ತಪ್ಪಿಬುಟ್ಟಿವ್ನಿ. ಅದಕ್ಕೆ ಮುನೇಸ್ವರಂಗೆ ಆಗ್ಲೇ ಕೋಳಿ ಒಪ್ಸಿದೀನಿ. ಈ ಗಿಡದ ಕಡ್ಡಿ ಪಕ್ಕದ್ ಮನೇಲಿ ಐತೆ, ಹಿತ್ಲಾಗೆ, ನಾಕ್ ವರ್ಸ ಆತು, ಎದೆ ಮಟ್ಟ ಬಂದೈತೆ."

ರಾಧಮ್ಮನ ಅಳು ನಿಂತು ಕೋಪ ಬಂತು. ನಾಲ್ಕು ವರ್ಷದಿಂದ ತನ್ನ ತಾಯಿಯ ಹೂ ಆ ವೆಂಕಟಲಕ್ಷ್ಮಿಯ ಮುಡಿಯಲ್ಲಿ ಇತ್ತೇ ಎಂದು ಕೇಳಿದಳು. ನಾನೂ ಸಿಕ್ಕಿದ್ದೇ ಸಮಯ ಎಂದು, ಇಂಥ ನಂಬಿಕೆದ್ರೋಹಿಯನ್ನು ಮನೆಗೆ ಸೇರಿಸಬಾರದಿತ್ತು ಎಂದು ಕೂಗಾಡಿದೆ. ಅವನು ತಲೆ ತಗ್ಗಿಸಿಯೇ ಹೇಳಿದ. ಅವನ ಊರಲ್ಲಿ ಬೀಜವನ್ನಾಗಲಿ ಗಿಡವನ್ನಾಗಲಿ ಒಂದೇ ಕಡೆ ಇಡುವುದಿಲ್ಲವಂತೆ. ಒಂದು ಹೊಲದಲ್ಲಿ, ಒಂದು ಅಕ್ಕನ ಮನೆಯಲ್ಲಿ, ಇನ್ನೊಂದು ಯಾರಿಗೂ ಹೇಳದ ಜಾಗದಲ್ಲಿ. ಒಂದು ಕಡೆ ಆನೆ ತುಳಿದರೆ ಇನ್ನೆರಡು ಉಳಿಯುತ್ತವೆ.

"ಇದು ಹೊಸೂರು ಕಣಯ್ಯಾ, ಇಲ್ಲಿ ಆನೆ ಎಲ್ಲಿಂದ ಬರುತ್ತೆ?" ಎಂದೆ.

ಅವನು ಮೆಲ್ಲಗೆ ನನ್ನನ್ನೂ ಯೂರಿಯಾ ಚೀಲವನ್ನೂ ನೋಡಿದ. ರಾಧಮ್ಮನಿಗೆ ಆ ಕೋಪದಲ್ಲೂ ನಗು ಬಂದುಬಿಟ್ಟಿತು.

ಆದರೆ ಗಿಡ ಪಕ್ಕದ ಮನೆಯಲ್ಲಿತ್ತು. ಕೇಳಿದರೆ ಮಾನ ಹೋಗುತ್ತದೆ, ಕೇಳಿ ತಂದದ್ದು ಚಿಗುರುವುದೂ ಇಲ್ಲ. ಕದಿಯುವುದು ಮುನಿಶಾಮಪ್ಪನ ಕೈಯಲ್ಲಾಗುತ್ತಿತ್ತು, ಆದರೆ ಅವನು, ಕದ್ದರೆ ಮುನೇಶ್ವರನಿಗೆ ಇನ್ನೊಂದು ಕೋಳಿ ಒಪ್ಪಿಸಬೇಕು, ಅದು ತನ್ನಿಂದಾಗದು ಎಂದು ಕೈ ಮುಗಿದ. ಮೂರು ದಿನ ಯೋಚಿಸಿ ನಾಲ್ಕನೆಯ ದಿನ ಬೆಳಿಗ್ಗೆ ರಾಧಮ್ಮ ಹೂಬುಟ್ಟಿ ಹಿಡಿದು, ಅದರೊಳಗೆ ಈಳಿಗೆಯಂಥ ದೊಡ್ಡದೇನೂ ಬೇಡವೆಂದು ನನ್ನ ಪೆನ್ಸಿಲ್ ಕೆತ್ತುವ ಬ್ಲೇಡು ಹಾಕಿಕೊಂಡು ಹೊರಟಳು. ನಾನು ನಮ್ಮ ಗೇಟಿನಲ್ಲಿ ಕ್ರೋಟನ್ ಎಲೆ ಒರೆಸುತ್ತಾ ಕಾವಲು ನಿಂತೆ.

ವೆಂಕಟಲಕ್ಷ್ಮಿ ಬಾಗಿಲಲ್ಲಿ ರಂಗೋಲಿ ಹಾಕುತ್ತಿದ್ದಳು. ರಾಧಮ್ಮನನ್ನು ಕಂಡಳು. ಕಂಡವಳು ಎದ್ದು, ಬೀದಿಗೆ ಬೆನ್ನು ತಿರುಗಿಸಿ ಕೂತು, ಎಳೆದ ಎಳೆಯನ್ನೇ ಮತ್ತೆ ಮತ್ತೆ ಎಳೆಯತೊಡಗಿದಳು. ಅವಳ ಕಾಂಪೌಂಡಿನ ಗೋಡೆಯ ಮೇಲೆ ಒದ್ದೆ ಗೋಣಿಯಲ್ಲಿ ಸುತ್ತಿದ ಗೇಣುದ್ದದ ಒಂದು ಕಡ್ಡಿ ಇತ್ತು. ತುದಿ ಒಣಗದಂತೆ ಸಗಣಿ ಉಂಡೆ ಮೆತ್ತಿತ್ತು. ಸಗಣಿ ಇನ್ನೂ ಹಸಿಯಾಗಿತ್ತು. ನಮ್ಮ ಮನೆಯ ಕೂಗಾಟ ಗೋಡೆಯಾಚೆಗೂ ಕೇಳಿತ್ತೆಂದು ಕಾಣುತ್ತದೆ.

ರಾಧಮ್ಮ ಅದನ್ನು ಬುಟ್ಟಿಗೆ ಹಾಕಿಕೊಂಡು, ಕಳ್ಳಿಯಂತೆ ಸೆರಗು ಮುಚ್ಚಿ, ಓಡಿಬಂದಳು. ಆ ಸಂಜೆ ಗೋಡೆಯ ಆಚೆಗೆ ನೋಡಿ ಗಟ್ಟಿಯಾಗಿ, "ಹುಳಿಗೆ ಎರಡು ನುಗ್ಗೇಕಾಯಿ ಸಿಕ್ಕಿದ್ರೆ ಚೆನ್ನಾಗಿತ್ತು" ಎಂದಳು. ಆರು ಬಂದವು.

ಹೊಸ ಕಡ್ಡಿಯನ್ನು ಮುನಿಶಾಮಪ್ಪ ಹಳೆಯ ಜಾಗದಲ್ಲಿ ನೆಡಲಿಲ್ಲ. ಎರಡು ಮನೆಯ ನಡುವಿನ ಗೋಡೆಯ ಪಕ್ಕ ನೆಟ್ಟು, ಗೋಡೆ ಬಿಟ್ಟು ಮಿಕ್ಕ ಸುತ್ತಲೂ ನಾಲ್ಕು ಅಡಿ ದೂರದಲ್ಲಿ ಒಂದು ಸಣ್ಣ ಕಾಲುವೆ ತೋಡಿದ. ನೀರು ಹಾಯಿಸುವುದಕ್ಕೋ ಎಂದು ಕೇಳಿದೆ. ಅಲ್ಲ ಸಾರ್, ನಮ್ಮೂರಲ್ಲಿ ಆನೆ ಬರದಂಗೆ ತೋಡೋ ಕಂದಕ, ಎಂದ. ನಾನು ಅದನ್ನು ದಾಟಲಿಲ್ಲ.

ಎಂಬತ್ತೇಳರಲ್ಲಿ ಮುನಿಶಾಮಪ್ಪ ತೀರಿಕೊಂಡ. ಮರುವರ್ಷ ಅತ್ತಿಬೆಲೆಯಲ್ಲಿ ಮದುವೆ ಊಟ ಮುಗಿಸಿ ಬರುವಾಗ ಗಡಿಯ ಜೂಜುವಾಡಿಯಲ್ಲಿ ಬಸ್ಸು ಕೆಟ್ಟು ನಿಂತಿತು. ಲಾರಿಗಳ ಸಾಲು, ಡೀಸೆಲ್ ಹೊಗೆ, ಅದರ ನಡುವೆ ಬೆಳಗಿನ ಕಾಫಿ ನೆನಪಾಗುವ ವಾಸನೆ. ಒಂದು ಪಂಕ್ಚರ್ ಅಂಗಡಿಯ ಪಕ್ಕದಲ್ಲಿ ಎಣ್ಣೆ ಡಬ್ಬದಲ್ಲಿ ಪನ್ನೀರು ಗುಲಾಬಿ ಅರಳಿತ್ತು. ಜವಳಗಿರಿ ತಾತ ಒಬ್ಬ ಎಷ್ಟೋ ವರ್ಷದ ಹಿಂದೆ ಇಟ್ಟುಹೋದ, ಯಾರಿಗೂ ಹೇಳಬೇಡ ಅಂದಿದ್ದ ಎಂದು ಅಂಗಡಿಯವನು ಹೇಳಿದ. ನನ್ನ ಕಣ್ಣು ತುಂಬಿತು. ಅವನು ಒಳ್ಳೆಯ ಮನುಷ್ಯ, ಹತ್ತಿರ ಬಂದು ಒಂದು ಹೂ ಕಿತ್ತುಕೊಳ್ಳಿ ಸಾರ್, ಯಾಕೆ ಅಷ್ಟು ದೂರ ನಿಂತಿರಿ ಎಂದು ಕರೆದ.

"ಬೇಡಪ್ಪ, ನಾನು ಆನೆ" ಎಂದು ಹೇಳಿ, ಬಸ್ಸು ರಿಪೇರಿಯಾಗುವವರೆಗೆ ನಾಲ್ಕು ಅಡಿ ದೂರದಲ್ಲೇ ನಿಂತಿದ್ದೆ.