ಎಡಗಡೆಯ ಇಂಡಿಕೇಟರ್

ಒಂದು ಕಾಲಕ್ಕೆ ದೊಡ್ಡಬಳ್ಳಾಪುರದಲ್ಲಿ ನನ್ನ ಹೆಂಡತಿಯ ಎಡಗೈ ನನಗಿಂತ ಹೆಚ್ಚು ಹೆಸರುವಾಸಿಯಾಗಿತ್ತು. ನೆಲಮಂಗಲದ ಮಾವನವರು ತಮ್ಮ ಹಳೆಯ ಕಾರನ್ನು ನಮಗೆ ದಾಟಿಸಿದ ಕೆಲವೇ ದಿನಕ್ಕೆ ಅದರ ಮುಂದಿನ ಎಡ ಇಂಡಿಕೇಟರ್ ಕೆಲಸ ನಿಲ್ಲಿಸಿತು. ಎಡಕ್ಕೆ ತಿರುಗಬೇಕಾದಾಗಲೆಲ್ಲ ಪಕ್ಕದಲ್ಲಿ ಕೂತ ಅವಳು ಬಳೆಗಳನ್ನು ಮೊಣಕೈವರೆಗೆ ಸರಿಸಿಕೊಂಡು ಕೈ ಹೊರಗೆ ಚಾಚುತ್ತಿದ್ದಳು. ಬಸ್ಸಿಗೆ ಕಾಯುತ್ತಿದ್ದವರು ತಮ್ಮನ್ನೇ ಕರೆದರೆಂದು ಓಡಿಬರುತ್ತಿದ್ದರು. ಬೇಡವೆನ್ನುವ ಧೈರ್ಯವಿಲ್ಲದೆ ಕೆಲವರನ್ನು ಹತ್ತಿಸಿಕೊಂಡದ್ದೂ ಉಂಟು.

ಪುರಾಣದ ರಥಗಳಿಗೆ ಬಾವುಟವಿತ್ತು, ಗಂಟೆಯಿತ್ತು, ಮೇಲೆ ಶಂಖ ಬೇರೆ. ಬರುತ್ತಿರುವವರು ಯಾರೆಂದು ದೂರಕ್ಕೇ ತಿಳಿಯುತ್ತಿತ್ತು. ಯಾವ ಕಡೆ ತಿರುಗುತ್ತಾರೆಂದು ಮಾತ್ರ ಯಾರೂ ಹೇಳಿದಂತಿಲ್ಲ. ನಮ್ಮ ರಸ್ತೆಗಳ ನಡವಳಿಕೆ ಅಲ್ಲಿಂದಲೇ ಬಂದಿರಬೇಕು.

ನಾನು ಅವಳ ಕೈಯನ್ನೇ ನಂಬಿಕೊಂಡು ಇದ್ದುಬಿಡುತ್ತಿದ್ದೆ. ಆದರೆ ಭಾನುವಾರ ಮಾವನವರು ಬರುವವರಿದ್ದರು. ನೋಡಿಕೊಳ್ಳಲಾಗದಿದ್ದರೆ ವಾಪಸು ಒಯ್ಯುತ್ತೇನೆಂದು ಕಾರು ಕೊಡುವಾಗಲೇ ಹೇಳಿದ್ದರು. ಮಗಳನ್ನು ಕೊಡುವಾಗಲೂ ಅಷ್ಟು ಕಟ್ಟುನಿಟ್ಟು ಮಾಡಿರಲಿಲ್ಲ. ಕಾರು ಹೋದರೆ ಅಳಿಯನ ಮರ್ಯಾದೆಯೂ ಅದರ ಡಿಕ್ಕಿಯಲ್ಲೇ ಹೋಗುತ್ತಿತ್ತು.

ನಮ್ಮ ಬೀದಿಯಲ್ಲಿ ಸಲಹೆಗೆ ಬರವಿಲ್ಲ. ಪಕ್ಕದ ಮಗ್ಗದ ಮನೆಯ ಯಜಮಾನರು, ಊರಿಗೇ ವೋಲ್ಟೇಜ್ ಇಲ್ಲ, ಕಾರಿಗೆ ಎಲ್ಲಿಂದ ಬರಬೇಕು ಎಂದರು. ವಾಸ್ತು ಬಲ್ಲ ನಮ್ಮ ಆಫೀಸಿನ ಹೆಡ್ ಗುಮಾಸ್ತರು ಗಾಡಿಯನ್ನು ಪೂರ್ವಕ್ಕೆ ಮುಖ ಮಾಡಿ ನಿಲ್ಲಿಸಲು ಹೇಳಿದರು. ನಿಲ್ಲಿಸಿದೆ. ಬೆಳಗಿನ ಬಿಸಿಲು ಬಿದ್ದಾಗ ದೀಪ ಹೊತ್ತಿದಂತೆ ಕಂಡಿತು, ಅಷ್ಟೇ.

ಶನಿವಾರ ರೇಗಿಹೋಗಿ ಸ್ಕ್ರೂಡ್ರೈವರ್ ಹಿಡಿದು ನಾನೇ ಕೂತೆ. ಮುಚ್ಚಳ ಬಿಚ್ಚಿ ಹೊಸ ಬಲ್ಬು ಹಾಕಿದರೂ ಹತ್ತಲಿಲ್ಲ. ಹೋಲ್ಡರಿನೊಳಗೆ ಇಣುಕಿದರೆ ಎಲ್ಲ ಕೆಂಪು. ತುಕ್ಕೆಂದು ಕೆರೆದೆ, ಉದುರಿದ್ದು ಕುಂಕುಮ, ಅದರಡಿ ಒಣಗಿದ ಗಂಧ. ತನ್ನ ಅಪ್ಪ ಪ್ರತಿ ಆಯುಧಪೂಜೆಗೂ ಮುಚ್ಚಳ ಬಿಚ್ಚಿ ಬಲ್ಬಿನ ಬುಡಕ್ಕೂ ಬೊಟ್ಟಿಡುತ್ತಿದ್ದರೆಂದು ಹೆಂಡತಿ ಆಗ ನೆನಪಿಸಿಕೊಂಡಳು. ಭಕ್ತಿ ಪದರಪದರವಾಗಿ ಕೂತು ಕರೆಂಟಿನ ದಾರಿಯನ್ನೇ ಮುಚ್ಚಿತ್ತು. ಬಲಗಡೆಯ ದೀಪ ಬದುಕಿದ್ದು ಅದರ ಸ್ಕ್ರೂ ಅವರ ಕೈಗೆ ಜಗ್ಗದ್ದರಿಂದ.

ನನಗಾದ ಸಂತೋಷ ಅಷ್ಟಿಷ್ಟಲ್ಲ. ಮಾವನ ವಿರುದ್ಧ ಇಂಥ ಸಾಕ್ಷಿ ಎಷ್ಟು ಅಳಿಯಂದಿರಿಗೆ ಸಿಕ್ಕೀತು? ಹೋಲ್ಡರನ್ನು ಉಜ್ಜಿ ದೀಪ ಹೊತ್ತಿಸಿದೆ. ಕೆರೆದ ಪುಡಿಯನ್ನು ಪೊಟ್ಟಣ ಕಟ್ಟಿ ಜೇಬಿನಲ್ಲಿಟ್ಟುಕೊಂಡೆ.

ಭಾನುವಾರ ಮಾವನವರು ಬಂದರು. ಕಾಫಿಗೂ ಮೊದಲು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಎಲ್ಲ ದೀಪ ಹಾಕಿಸಿ ನೋಡಿದರು. ಎಡಗಡೆಯದು ಲಕ್ಷಣವಾಗಿ ಮಿನುಗಿತು. ಇದೇ ಸಮಯವೆಂದು ನಾನು ಪೊಟ್ಟಣ ಬಿಚ್ಚಿ ಮುಂದೆ ಹಿಡಿದೆ. ಬಾಯಿ ತೆರೆಯುವ ಮೊದಲೇ ಅವರು ಚಿಟಿಕೆ ಕುಂಕುಮ ತೆಗೆದು ಭಕ್ತಿಯಿಂದ ಹಣೆಗಿಟ್ಟುಕೊಂಡರು.

“ನೋಡಿದ್ರಾ ಅಳಿಯಂದ್ರೇ, ಇಷ್ಟ್ ವರ್ಷ ಆದ್ರೂ ಒಂದ್ ದೀಪ ಕೈಕೊಟ್ಟಿಲ್ಲ. ಎಲ್ಲಾ ಪೂಜೆ ಫಲ. ಗಾಡಿ ನಿಮ್ಮತ್ರಾನೇ ಇರ್ಲಿ. ಈ ಸಲ ಆಯುಧಪೂಜೆಗೆ ನಾನೇ ಬರ್ತೀನಿ. ಅಷ್ಟ್ರಲ್ಲಿ ಬಲಗಡೆ ಸ್ಕ್ರೂನೂ ಸಡಿಲ ಮಾಡ್ಸಿಡಿ.”

ಕಾರು ಉಳಿಯಿತು. ನಾನು ಹೂಂ ಎಂದೆ. ಹೆಂಡತಿ ಬಳೆಗಳನ್ನು ಮೊಣಕೈವರೆಗೆ ಸರಿಸಿಕೊಂಡಳು. ನಾನೂ ಅಂಗಿಯ ಬಲದೋಳು ಮಡಚತೊಡಗಿದೆ.